ಆರ್‌ಸಿ ಬಗ್ಗಿಯ ಬೆಲ್ಟ್, ಪುಲ್ಲಿ ಬೇಗ ಸವೆಯದಂತೆ ನೋಡಿಕೊಳ್ಳುವುದು ಹೇಗೆ?

ಆರ್‌ಸಿ ಬಗ್ಗಿ ಅಂದರೆ ರೇಡಿಯೋ ರಿಮೋಟಿನಲ್ಲಿ ಓಡಿಸುವ ಪುಟ್ಟ ಕಾರು. ಮೋಟರಿನ ಶಕ್ತಿಯನ್ನು ಹಲ್ಲಿನ ಬೆಲ್ಟಿನಿಂದ ಚಕ್ರಕ್ಕೆ ಒಯ್ಯುವ ಬೆಲ್ಟ್ ಡ್ರೈವ್ ಬಗ್ಗಿಯ ಬಾಡಿ ತೆಗೆದು, ಒಳಗಿನ ಬೆಲ್ಟ್ ಕವರ್ ಬಿಚ್ಚಿದಾಗ ಪುಲ್ಲಿಯ (ಬೆಲ್ಟ್ ಸುತ್ತುವ ಹಲ್ಲಿನ ಗಾಲಿಯ) ಸುತ್ತ ಒಂದಿಷ್ಟು ಪುಡಿ ಕೂತಿರುತ್ತದೆ. ಬ್ರಷ್ ಹಿಡಿದು ಅದನ್ನು ಕೂಡಲೇ ಗುಡಿಸಿಬಿಡಬೇಡಿ. ಗಾಡಿಯ ಕೆಳಗೊಂದು ಬಿಳಿ ಕಾಗದ ಹಾಸಿ, ಆ ಪುಡಿಯನ್ನು ಅದರ ಮೇಲೆ ಉದುರಿಸಿಕೊಂಡು ಬೆಳಕಲ್ಲಿ ನೋಡಿ. ಬೆಲ್ಟ್ ಯಾಕೆ ಸವೆಯುತ್ತಿದೆ ಅನ್ನುವ ಪ್ರಶ್ನೆಗೆ ಅರ್ಧ ಉತ್ತರ ಆ ಕಾಗದದ ಮೇಲೇ ಸಿಗುತ್ತದೆ.

ಬೆರಳಲ್ಲಿ ಉಜ್ಜಿದರೆ ಮಸಿಯಂತೆ ಮೆತ್ತಿಕೊಳ್ಳುವ ಕಪ್ಪು ಪುಡಿ ಬೆಲ್ಟಿನದ್ದು. ಹೊಸ ಬೆಲ್ಟ್ ಹಾಕಿದ ಮೊದಲ ದಿನ ಚೂರು ಉದುರುವುದು ಸಹಜ, ಆಮೇಲೂ ಉದುರುತ್ತಿದ್ದರೆ ಎಲ್ಲೋ ತಿಕ್ಕಾಟವಿದೆ. ನುಣ್ಣಗಿನ ಬೂದು ಪುಡಿ ಅಲ್ಯೂಮಿನಿಯಂ ಪುಲ್ಲಿಯದ್ದು. ಪುಲ್ಲಿಯದೇ ಬಣ್ಣದ ಎಳೆ ಅಥವಾ ಚೂರು ಕಂಡರೆ ಪ್ಲಾಸ್ಟಿಕ್ ಪುಲ್ಲಿ ಕೆತ್ತಿಹೋಗುತ್ತಿದೆ. ಕೂದಲಿನಂಥ ನಾರು ಸಿಕ್ಕರೆ ಬೆಲ್ಟಿನ ಅಂಚು ಬಿಚ್ಚಿಕೊಳ್ಳುತ್ತಿದೆ ಎಂದರ್ಥ. ಇದು ಜೋಡಣೆ ನೇರವಿಲ್ಲ ಎಂಬುದರ ಸೂಚನೆ. ಇನ್ನು ಕರಕರ ಅನ್ನುವ ಹರಳು ಹರಳು ಪುಡಿ ಹೊರಗಿನಿಂದ ಬಂದ ಮರಳು.

ಹತ್ತಾರು ಬೆಲ್ಟ್ ಬದಲಿಸಿದ ಮೇಲೆ ನನಗೆ ಖಾತ್ರಿಯಾಗಿರುವುದು ಇಷ್ಟು: ಬೆಲ್ಟ್ ತನ್ನಷ್ಟಕ್ಕೆ ತಾನೇ ಹಾಳಾಗುವುದು ಅಪರೂಪ. ಮಣ್ಣು, ಸೊಟ್ಟ ಜೋಡಣೆ, ತಪ್ಪಾದ ಬಿಗಿ, ಏಟು ಈ ನಾಲ್ಕರಲ್ಲಿ ಒಂದು ಅದನ್ನು ತಿಂದಿರುತ್ತದೆ. ಯಾವುದು ಅಂತ ಕಂಡುಕೊಳ್ಳದೆ ಹೊಸ ಬೆಲ್ಟ್ ಹಾಕಿದರೆ ಅದಕ್ಕೂ ಅದೇ ಗತಿ. ಹಾಗಾಗಿ ಹಳೆ ಬೆಲ್ಟನ್ನು ಎಸೆಯುವ ಮುಂಚೆ ಅದನ್ನು ಸರಿಯಾಗಿ ಓದಿಕೊಳ್ಳಬೇಕು.

ಬೆಲ್ಟಿನ ಒಳಗೇನಿದೆ

ಫೋರ್ ವೀಲ್ ಡ್ರೈವ್ ಬಗ್ಗಿಗಳ ಶುರುವಿನ ವರ್ಷಗಳಲ್ಲಿ ಮುಂದಿನ ಚಕ್ರಕ್ಕೆ ಶಕ್ತಿ ಒಯ್ಯಲು ಚೈನ್ ಬಳಸುತ್ತಿದ್ದದ್ದೂ ಉಂಟು. 1985ರಲ್ಲಿ ಬಂದ ಕ್ಯೋಶೋ ಕಂಪನಿಯ ಆಪ್ಟಿಮಾ ಬಗ್ಗಿಯಲ್ಲಿ ಚೈನ್ ಇತ್ತು. ಅದೇ ಮನೆತನದ ಆಪ್ಟಿಮಾ ಮಿಡ್ ಬೆಲ್ಟಿಗೆ ಬಂತು. ಶುಮಾಕರ್ ಕ್ಯಾಟ್ ಹೆಸರಾದದ್ದು ಬೆಲ್ಟಿನ ಮೇಲೆಯೇ. ಟಮಿಯಾ ಡಿಬಿ01ರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಎರಡು ಬೆಲ್ಟ್. ಹಗುರ, ಸದ್ದು ಕಡಿಮೆ, ಚಕ್ರ ಸಲೀಸಾಗಿ ತಿರುಗುತ್ತದೆ, ಇದು ಬೆಲ್ಟಿನ ಗುಣ. ಮುಚ್ಚಿದ ಗೇರ್ ಡಬ್ಬಿಯಂತೆ ಅದನ್ನು ಪೂರ್ತಿ ಮುಚ್ಚಿಡುವುದು ಕಷ್ಟ, ಇದು ಅದರ ತೊಂದರೆ.

ಈ ಬೆಲ್ಟ್ ಬರೀ ರಬ್ಬರ್ ಪಟ್ಟಿಯಲ್ಲ. ಅದರ ಬೆನ್ನೊಳಗೆ ಉದ್ದಕ್ಕೂ ಗಾಜಿನ ನಾರು ಅಥವಾ ಕೆವ್ಲಾರ್‌ನಂಥ ಅರಾಮಿಡ್ ದಾರ ಸುತ್ತಿರುತ್ತದೆ. ಎಳೆತವನ್ನೆಲ್ಲ ತಡೆಯುವುದು ಆ ದಾರ. ಅದರ ಸುತ್ತ ರಬ್ಬರ್ ಅಥವಾ ಪಾಲಿಯುರೆಥೇನ್. ರಬ್ಬರ್ ಬೆಲ್ಟಾದರೆ ಹಲ್ಲುಗಳ ಮೇಲೆ ನೈಲಾನ್ ಬಟ್ಟೆಯ ತೆಳು ಹೊದಿಕೆ. ಆ ಹೊದಿಕೆ ಇರುವವರೆಗೆ ಹಲ್ಲು ಬಾಳುತ್ತದೆ. ಅದು ಹರಿದು ಒಳಗಿನ ರಬ್ಬರ್ ಹೊಳೆಯತೊಡಗಿದರೆ ಉಳಿದ ಆಯುಷ್ಯ ಕಡಿಮೆ.

ಇಲ್ಲೊಂದು ತಪ್ಪು ತಿಳಿವಳಿಕೆ ಎಲ್ಲರಲ್ಲೂ ಇದೆ. ಸಡಿಲವಾದ ಬೆಲ್ಟ್ ಕಂಡರೆ "ಎಳೆದು ಉದ್ದವಾಗಿದೆ" ಅನ್ನುತ್ತಾರೆ. ಒಳಗಿನ ದಾರ ಅಷ್ಟು ಸುಲಭಕ್ಕೆ ಹಿಗ್ಗುವಂಥದ್ದಲ್ಲ. ಹೆಚ್ಚಿನ ಸಲ ಸವೆದಿರುವುದು ಬೆಲ್ಟಿನ ಹಲ್ಲು, ಪುಲ್ಲಿಯ ಹಲ್ಲು, ಇಲ್ಲವೇ ಡಿಫ್‌ನ (ಎಡಬಲ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನ) ಬೇರಿಂಗ್ ಕೂರುವ ಜಾಗ. ಬೆಲ್ಟನ್ನು ಮತ್ತೆ ಮತ್ತೆ ಬಿಗಿ ಮಾಡುತ್ತಾ ಹೋಗುವವರು ಈ ಮೂರನ್ನೂ ನೋಡಿರುವುದಿಲ್ಲ.

ಮೊದಲು ಬಿಚ್ಚಿ, ತೊಳೆಯದೆ ನೋಡಿ

ಬ್ಯಾಟರಿ ತೆಗೆದಿಡಿ. ಮೋಟರನ್ನು ಸಡಿಲಿಸಿ ಪಿನಿಯನ್ನನ್ನು (ಮೋಟರಿನ ಚಿಕ್ಕ ಗೇರನ್ನು) ಅದು ತಿರುಗಿಸುವ ದೊಡ್ಡ ಸ್ಪರ್ ಗೇರಿನಿಂದ ದೂರ ಸರಿಸಿ. ಈಗ ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ, ಕಿವಿ ಹತ್ತಿರ ಇಟ್ಟು ಕೇಳಿ. ಸರ್ರನೆ ಒಂದೇ ಸಮನೆ ಸದ್ದು ಬಂದರೆ ಸರಿ. ಸುತ್ತಿಗೊಮ್ಮೆ ಟಕ್ ಅಂದರೆ ಪುಲ್ಲಿಯ ಯಾವುದೋ ಒಂದು ಹಲ್ಲಿನ ಬುಡದಲ್ಲಿ ಕಲ್ಲು ಸಿಕ್ಕಿಕೊಂಡಿದೆ, ಅಥವಾ ಆ ಹಲ್ಲು ಮುರಿದಿದೆ. ಕರಕರ ಸದ್ದು ಎಡೆಬಿಡದೆ ಬಂದರೆ ಬೇರಿಂಗ್ ಒಳಗೆ ಮಣ್ಣು ಹೋಗಿದೆ.

ಬೆಲ್ಟನ್ನು ಹೊರತೆಗೆಯುವ ಮುಂಚೆ ಅದರ ಬೆನ್ನ ಮೇಲೆ ಬಿಳಿ ಪೆನ್ನಿನಲ್ಲಿ ಮುಂದಕ್ಕೆ ಬಾಣದ ಗುರುತು ಹಾಕಿ. ಮತ್ತೆ ಅದೇ ಬೆಲ್ಟ್ ಹಾಕುವುದಾದರೆ ಅದೇ ದಿಕ್ಕಿಗೆ ಹಾಕಬೇಕು. ಹಲ್ಲಿನ ಒಂದು ಬದಿ ಪುಲ್ಲಿಗೆ ಒಗ್ಗಿ ಸವೆದಿರುತ್ತದೆ. ತಿರುಗುಮುರುಗಾಗಿ ಹಾಕಿದರೆ ಒಗ್ಗದ ಬದಿ ಹೊರೆ ಹೊತ್ತು ಮತ್ತೆ ಮೊದಲಿಂದ ಸವೆಯುತ್ತದೆ.

ಕೈಗೆ ಬಂದ ಬೆಲ್ಟನ್ನು ಬೆರಳ ಮೇಲೆ ಹಗುರವಾಗಿ ಬಳಸಿ, ಹಲ್ಲು ಹೊರಮುಖವಾಗಿ ಅರಳುವಂತೆ ಒಂದಿಷ್ಟೇ ಬಗ್ಗಿಸಿ ನೋಡಿ. ಮಡಚಬೇಡಿ. ಹಲ್ಲಿನ ಬದಿಗಳು ಸವೆದು ಬುಡದಲ್ಲಿ ಸಣ್ಣ ಬಿರುಕಿದ್ದರೆ ಬೆಲ್ಟ್ ಸಡಿಲವಾಗಿತ್ತು. ಹಲ್ಲು ಚೆನ್ನಾಗಿದ್ದು, ಎರಡು ಹಲ್ಲುಗಳ ನಡುವಿನ ತಗ್ಗು ಮಾತ್ರ ನುಣುಪಾಗಿ ಹೊಳೆಯುತ್ತಿದ್ದರೆ ವಿಪರೀತ ಬಿಗಿ ಇತ್ತು, ಪುಲ್ಲಿಯ ಹಲ್ಲಿನ ತುದಿ ಆ ತಗ್ಗನ್ನು ಒತ್ತಿ ಅರೆದಿದೆ. ಒಂದೇ ಅಂಚು ನಾರು ಬಿಟ್ಟಿದ್ದರೆ ಜೋಡಣೆ ಸೊಟ್ಟ. ಬೆನ್ನಿನ ಮೇಲೆ ಗೀರುಗಳಿದ್ದರೆ ಬೆಲ್ಟ್ ಷಾಸಿಗೋ, ವೈರಿಗೋ, ಸ್ಕ್ರೂವಿನ ತುದಿಗೋ ತಾಗುತ್ತಿತ್ತು. ಅಕ್ಕಪಕ್ಕದ ನಾಲ್ಕೈದು ಹಲ್ಲು ಒಟ್ಟಿಗೆ ಕಿತ್ತುಹೋಗಿದ್ದರೆ ಅದು ಸವೆತವೇ ಅಲ್ಲ, ಏಟು.

ಪುಲ್ಲಿಗಳಲ್ಲಿ ಮೊದಲು ನೋಡಬೇಕಾದದ್ದು ನಡುವಿನ ಚಿಕ್ಕ ಪುಲ್ಲಿಯನ್ನು. ನಡುವೆ 20 ಹಲ್ಲು, ಡಿಫ್‌ನಲ್ಲಿ 40 ಹಲ್ಲು ಇದೆ ಅಂದುಕೊಳ್ಳಿ. ಡಿಫ್ ಒಂದು ಸುತ್ತು ಬರುವಷ್ಟರಲ್ಲಿ ಚಿಕ್ಕದು ಎರಡು ಸುತ್ತು ಬಂದಿರುತ್ತದೆ. ಅಂದರೆ ಅದರ ಒಂದೊಂದು ಹಲ್ಲಿಗೂ ಎರಡರಷ್ಟು ಕೆಲಸ. ಸವೆದ ಹಲ್ಲು ಒಂದು ಬದಿಗೆ ಬಾಗಿ ಕೊಕ್ಕೆಯಂತೆ ಕಾಣುತ್ತದೆ. ಉಗುರನ್ನು ಹಲ್ಲಿನ ಎರಡೂ ಬದಿಗೆ ಎಳೆದು ನೋಡಿ. ಒಂದು ಕಡೆ ಜಾರಿ, ಇನ್ನೊಂದು ಕಡೆ ತಡೆದರೆ ಕೊಕ್ಕೆ ಬಂದಿದೆ. ಬಣ್ಣದ ಅನೊಡೈಸ್ ಪದರವಿರುವ ಅಲ್ಯೂಮಿನಿಯಂ ಪುಲ್ಲಿಯಲ್ಲಿ ಬಣ್ಣ ಹೋಗಿ ಬಿಳಿ ಲೋಹ ಕಂಡ ಮೇಲೆ ತಡಮಾಡಬೇಡಿ. ಆ ಗಟ್ಟಿ ಪದರವೇ ಪುಲ್ಲಿಗೆ ರಕ್ಷಣೆ. ಅದು ಹೋದ ಮೇಲೆ ಉದುರುವ ಬೂದು ಪುಡಿ ಉಜ್ಜುಕಾಗದದ ಹಾಗೆ ವರ್ತಿಸಿ ಬೆಲ್ಟನ್ನೂ ತಿನ್ನುತ್ತದೆ.

ಜೋಡಣೆ ನೇರವಿದೆಯೇ?

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ಇದಕ್ಕೆ. ಕಾರಣವನ್ನು ನನ್ನದೇ ಗಾಡಿಯಿಂದ ಹೇಳುತ್ತೇನೆ.

ಒಂದು ಕಾಲದಲ್ಲಿ ನನ್ನ ಬಗ್ಗಿಯ ಹಿಂದಿನ ಬೆಲ್ಟ್ ಪದೇ ಪದೇ ಒಂದೇ ಅಂಚಿನಲ್ಲಿ ನಾರು ಬಿಡುತ್ತಿತ್ತು. ಮೂರು ಬೆಲ್ಟ್ ಹೋದವು. ಬೆಲ್ಟೇ ಕಳಪೆ ಅಂದುಕೊಂಡು ಬೇರೆ ತರಿಸಿದೆ, ಅದೂ ಹಾಗೇ ಆಯಿತು. ಕೊನೆಗೆ ಡಿಫ್ ಹೊರತೆಗೆದು ಬೇರಿಂಗ್ ಬಳೆಗಳನ್ನು ನೋಡಿದಾಗ ತಪ್ಪು ಹೊಳೆಯಿತು.

ಬಹಳಷ್ಟು ಬೆಲ್ಟ್ ಗಾಡಿಗಳಲ್ಲಿ ಡಿಫ್‌ನ ಎಡಬಲ ಬೇರಿಂಗ್‌ಗಳು ಪ್ಲಾಸ್ಟಿಕ್ ಬಳೆಯೊಳಗೆ ಕೂರುತ್ತವೆ. ಆ ಬಳೆಯ ರಂಧ್ರ ಸರಿಯಾಗಿ ನಡುವೆ ಇರುವುದಿಲ್ಲ, ಸ್ವಲ್ಪ ಒಂದು ಬದಿಗೆ ಸರಿದಿರುತ್ತದೆ. ಬಳೆಯನ್ನು ಒಂದು ಕಚ್ಚು ತಿರುಗಿಸಿದರೆ ಡಿಫ್ ಕೂದಲೆಳೆಯಷ್ಟು ಹಿಂದೆ ಅಥವಾ ಮುಂದೆ ಹೋಗುತ್ತದೆ. ಬೆಲ್ಟ್ ಬಿಗಿ ಮಾಡುವ ವಿಧಾನವೇ ಅದು. ನಾನು ಬಲಗಡೆಯ ಬಳೆಯನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ಒಂದು ಕಚ್ಚು ತಿರುಗಿಸಿದೆ, ಗಾಡಿಯನ್ನು ಹೊರಳಿಸಿ ಎಡಗಡೆಯದನ್ನೂ ಗಡಿಯಾರದ ಮುಳ್ಳಿನ ದಿಕ್ಕಿಗೇ ಒಂದು ಕಚ್ಚು ತಿರುಗಿಸಿದೆ. ಎರಡೂ ಸಮ ಅಂತ ನನ್ನ ಲೆಕ್ಕ. ಬಲಗಡೆಯಿಂದ ನೋಡುವಾಗ ಗಾಡಿಯ ಮೂತಿ ನಮ್ಮ ಬಲಕ್ಕಿರುತ್ತದೆ, ಎಡಗಡೆಯಿಂದ ನೋಡುವಾಗ ನಮ್ಮ ಎಡಕ್ಕೆ. ಹಾಗಾಗಿ ಬಲಗಡೆ ಮುಂದಕ್ಕೆ ಹೋದ ಬೇರಿಂಗ್ ಎಡಗಡೆ ಹಿಂದಕ್ಕೆ ಹೋಗಿತ್ತು! ಡಿಫ್ ಸೊಟ್ಟಗೆ ಕೂತು, ಬೆಲ್ಟನ್ನು ಎಡೆಬಿಡದೆ ಪುಲ್ಲಿಯ ತಟ್ಟೆಗೆ (ಬೆಲ್ಟ್ ಪಕ್ಕಕ್ಕೆ ಜಾರದಂತೆ ತಡೆಯುವ ಅಂಚಿನ ಬಿಲ್ಲೆಗೆ) ಒತ್ತುತ್ತಿತ್ತು.

ಆದ್ದರಿಂದ ಬಳೆ ತಿರುಗಿಸುವಾಗ ತಿರುಗುವ ದಿಕ್ಕನ್ನು ಲೆಕ್ಕಕ್ಕಿಡಬೇಡಿ. ಬಳೆಯ ಮೇಲಿನ ಚುಕ್ಕೆ ಅಥವಾ ಗುರುತು ಎಲ್ಲಿದೆ ನೋಡಿ. ಎಡಗಡೆ ಚುಕ್ಕೆ ಮುಂದೆ ಮೇಲಿದ್ದರೆ ಬಲಗಡೆಯೂ ಮುಂದೆ ಮೇಲೇ ಇರಬೇಕು. ಗುರುತೇ ಇಲ್ಲದ ಬಳೆಯಾದರೆ ನೀವೇ ಒಂದು ಚುಕ್ಕೆ ಇಟ್ಟುಕೊಳ್ಳಿ.

ಬಳೆ ಸರಿಯಿದ್ದೂ ಅಂಚು ಸವೆಯುತ್ತಿದ್ದರೆ ಪುಲ್ಲಿಗಳು ಒಂದೇ ಗೆರೆಯಲ್ಲಿವೆಯೇ ಅಂತ ನೋಡಬೇಕು. ಮೇಲಿನಿಂದ ಒಂದು ಕಣ್ಣು ಮುಚ್ಚಿ ಬೆಲ್ಟಿನ ಉದ್ದಕ್ಕೆ ನೋಡಿದರೆ ಒಂದು ಪುಲ್ಲಿ ಪಕ್ಕಕ್ಕೆ ಸರಿದಿರುವುದು ಗೊತ್ತಾಗುತ್ತದೆ. ಸಣ್ಣ ಉಕ್ಕಿನ ಸ್ಕೇಲ್ ಇಡುವಷ್ಟು ಜಾಗವಿದ್ದರೆ ಇನ್ನೂ ಒಳ್ಳೆಯದು. ಷಿಮ್‌ಗಳನ್ನು (ತೆಳು ಲೋಹದ ಬಿಲ್ಲೆಗಳನ್ನು) ಒಂದು ಬದಿಯಿಂದ ಇನ್ನೊಂದು ಬದಿಗೆ ಹಾಕಿ ಪುಲ್ಲಿಯನ್ನು ಸರಿಸಬಹುದು. ಪಕ್ಕಕ್ಕೆ ಆಡುವ ಡಿಫ್ ಅಥವಾ ಷಾಫ್ಟ್ ಇದ್ದರೆ ಆ ಅಲುಗಾಟವನ್ನೂ ಷಿಮ್ ಹಾಕಿಯೇ ತೆಗೆಯಬೇಕು, ಆದರೆ ಬೇರಿಂಗ್ ಒತ್ತಿಹಿಡಿಯುವಷ್ಟು ತುಂಬಬಾರದು.

ಹಲ್ಲಿನ ಬೆಲ್ಟ್ ಓಡುವಾಗ ಒಂದು ಬದಿಗೆ ಸ್ವಲ್ಪ ವಾಲುವುದು ಅದರ ಸ್ವಭಾವ. ಅಂಚು ಪುಲ್ಲಿಯ ತಟ್ಟೆಗೆ ಸುಮ್ಮನೆ ತಾಗುತ್ತಿದ್ದರೆ ಚಿಂತೆ ಬೇಡ. ತಟ್ಟೆಯನ್ನು ಏರಲು ನೋಡುತ್ತಿದ್ದರೆ, ಅಂಚು ಬಿಸಿಯಾಗಿ ಹೊಳೆಯುತ್ತಿದ್ದರೆ ಮಾತ್ರ ಕೈ ಹಾಕಿ.

ಗಾಡಿ ಜೋರಾಗಿ ಬಿದ್ದ ಮೇಲೆ ಷಾಸಿಯೇ ತಿರುಚಿರಬಹುದು. ಟಾಪ್ ಡೆಕ್‌ನ (ಷಾಸಿಯ ಮೇಲ್ಗಡೆಯ ಹಲಗೆಯ) ಸ್ಕ್ರೂಗಳನ್ನೆಲ್ಲ ಸಡಿಲಿಸಿ, ಗಾಡಿಯನ್ನು ಗಾಜಿನ ಹಲಗೆಯಂಥ ಸಮತಟ್ಟಾದ ಜಾಗದಲ್ಲಿಟ್ಟು, ಷಾಸಿಯನ್ನು ಕೆಳಕ್ಕೆ ಒತ್ತಿಹಿಡಿದು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ. ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದು ಬದಿಗೆ ಹೋಗಬೇಡಿ.

ಎಷ್ಟು ಬಿಗಿ ಇರಬೇಕು

ಗಾಡಿಯ ಜೊತೆ ಬಂದ ಕೈಪಿಡಿಯಲ್ಲಿ ಬಳೆಯ ಸ್ಥಾನ ಕೊಟ್ಟಿದ್ದರೆ ಅಲ್ಲಿಂದ ಶುರು ಮಾಡಿ. ಇಲ್ಲದಿದ್ದರೆ ಬೆರಳೇ ಅಳತೆ. ಟಾಪ್ ಡೆಕ್ ಪೂರ್ತಿ ಬಿಗಿ ಮಾಡಿದ ಮೇಲೆಯೇ ನೋಡಬೇಕು, ಏಕೆಂದರೆ ಅದಿಲ್ಲದೆ ಷಾಸಿ ಬಾಗಿ ಲೆಕ್ಕ ತಪ್ಪುತ್ತದೆ. 1/10 ಗಾತ್ರದ ಬಗ್ಗಿಯಲ್ಲಿ ಮುಂದಿನ ಉದ್ದ ಬೆಲ್ಟನ್ನು ನಡುವೆ ಹಗುರವಾಗಿ ಒತ್ತಿದರೆ ಸುಮಾರು 5 ಮಿ.ಮೀ., ಹಿಂದಿನ ಗಿಡ್ಡ ಬೆಲ್ಟ್ 2ರಿಂದ 3 ಮಿ.ಮೀ. ತಗ್ಗುವಷ್ಟಿದ್ದರೆ ನಾನು ಸಾಕು ಅನ್ನುತ್ತೇನೆ.

ಇನ್ನೊಂದು ಪರೀಕ್ಷೆ ಇದಕ್ಕಿಂತ ನಂಬಿಕಸ್ಥ. ಸ್ಪರ್ ಗೇರನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಮುಂದಿನ ಎರಡೂ ಚಕ್ರಗಳನ್ನು ಒಟ್ಟಿಗೆ ಒಂದೇ ದಿಕ್ಕಿಗೆ ತಿರುಗಿಸಲು ನೋಡಿ. ಒಂದೇ ಚಕ್ರ ತಿರುಗಿಸಿದರೆ ಡಿಫ್ ತಿರುಗಿ ಏನೂ ತಿಳಿಯುವುದಿಲ್ಲ. ಬೆಲ್ಟ್ ಟಕ್ ಅಂತ ಒಂದು ಹಲ್ಲು ಹಾರಿದರೆ ಸಡಿಲ. ಸ್ಲಿಪ್ಪರ್ (ಹೊರೆ ಹೆಚ್ಚಾದಾಗ ತಾನೇ ಜಾರಿ ಏಟು ತಡೆಯುವ ಕ್ಲಚ್) ಜಾರಿದರೆ ಸರಿ. ಹಿಂದಿನದಕ್ಕೂ ಹಾಗೇ ಮಾಡಿ.

ಅನುಮಾನ ಬಂದಾಗ ಇನ್ನೊಂದು ಕಚ್ಚು ಬಿಗಿ ಮಾಡುವ ಚಟ ನಮ್ಮಲ್ಲಿ ಹೆಚ್ಚು. ಬಿಗಿ ಹೆಚ್ಚಾದರೆ ಬೇರಿಂಗ್‌ಗಳ ಮೇಲೆ ಭಾರ ಬೀಳುತ್ತದೆ, ಮೋಟರ್ ಬಿಸಿಯಾಗುತ್ತದೆ, ಬೆಲ್ಟಿನೊಳಗಿನ ದಾರ ಪ್ರತಿ ಸುತ್ತಿನಲ್ಲೂ ದಣಿಯುತ್ತದೆ. ಹಲ್ಲು ಹಾರದ ಮಟ್ಟಿಗೆ ಎಷ್ಟು ಕಡಿಮೆ ಬಿಗಿ ಸಾಧ್ಯವೋ ಅಷ್ಟು ಸಾಕು.

ಮಣ್ಣು

ಬೆಲ್ಟಿನ ಹಲ್ಲಿಗೂ ಪುಲ್ಲಿಯ ಹಲ್ಲಿಗೂ ನಡುವೆ ಒಂದು ಮರಳ ಕಣ ಸಿಕ್ಕರೆ ಎರಡನ್ನೂ ಅರೆಯುತ್ತದೆ. ಸಣ್ಣ ಕಲ್ಲು ಸಿಕ್ಕರೆ ಇನ್ನೂ ಕೆಟ್ಟದ್ದು: ಬೆಲ್ಟ್ ಆ ಜಾಗದಲ್ಲಿ ಉಬ್ಬಿ, ಒಳಗಿನ ದಾರ ಮುರಿಯುತ್ತದೆ. ಹೊರಗಿಂದ ಏನೂ ಕಾಣುವುದಿಲ್ಲ, ನಾಲ್ಕು ದಿನ ಬಿಟ್ಟು ಅಲ್ಲಿಯೇ ತುಂಡಾಗುತ್ತದೆ.

ಗಾಡಿಗೆ ಬೆಲ್ಟ್ ಕವರ್ ಇದ್ದರೆ ತಪ್ಪದೆ ಹಾಕಿ. ಷಾಸಿಯಲ್ಲಿ ಬಳಕೆಯಾಗದ ರಂಧ್ರಗಳಿದ್ದರೆ ಕೆಳಗಿನಿಂದ ಟೇಪ್ ಅಂಟಿಸಿ. ಚಕ್ರ ಎಸೆದ ಮಣ್ಣು ಒಳನುಗ್ಗುವುದು ಹೆಚ್ಚಾಗಿ ಬಾಡಿ ಮತ್ತು ಷಾಸಿ ನಡುವಿನ ಸಂದಿಯಿಂದ. ಅಲ್ಲಿ ಮೆತ್ತನೆಯ ಸ್ಪಂಜ್ ಪಟ್ಟಿ ಇಟ್ಟರೆ ಅರ್ಧಕ್ಕರ್ಧ ತಡೆಯಬಹುದು. ಆದರೆ ಪೂರ್ತಿ ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಹೋದ ಕಲ್ಲು ಹೊರಗೆ ಬರಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತಿರುತ್ತದೆ. ಬೆಲ್ಟಿನ ಕೆಳಗೆ, ಹಿಂಬದಿಯಲ್ಲಿ ಒಂದು ಕಿಂಡಿ ತೆರೆದಿರಲಿ.

ಪ್ರತಿ ದಿನದ ಓಟ ಮುಗಿದ ಮೇಲೆ ಒಣ ಬ್ರಷ್ ಸಾಕು. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ಬೆಲ್ಟಿನ ಒಳಬದಿ ಉಜ್ಜುತ್ತಾ ಚಕ್ರ ತಿರುಗಿಸುತ್ತಾ ಹೋಗಿ. ಪುಲ್ಲಿಯ ಹಲ್ಲಿನ ಸಂದಿಯ ಗಟ್ಟಿ ಮಣ್ಣಿಗೆ ಮರದ ಟೂತ್‌ಪಿಕ್ ಬಳಸಿ. ಲೋಹದ ಸೂಜಿ ಅನೊಡೈಸ್ ಪದರವನ್ನು ಗೀರುತ್ತದೆ. ಗಾಳಿ ಹೊಡೆಯುವುದಾದರೆ ಕನ್ನಡಕ ಹಾಕಿಕೊಂಡು, ಒಳಗಿನಿಂದ ಹೊರಕ್ಕೆ ಹೊಡೆಯಿರಿ. ಗಾಳಿಯ ಮೂತಿ ಬೇರಿಂಗ್ ಕಡೆ ಇದ್ದರೆ ಧೂಳನ್ನು ನೀವೇ ಬೇರಿಂಗ್ ಒಳಗೆ ತುಂಬಿದಂತೆ.

ಎಣ್ಣೆ, ಗ್ರೀಸ್, ಸ್ಪ್ರೇ ಯಾವುದನ್ನೂ ಬೆಲ್ಟಿಗೆ ಹಾಕಬೇಡಿ. ಒಣಗಿ ಕಾಣುತ್ತಿದೆ, ಒಂದು ಹನಿ ಹಾಕೋಣ ಅನಿಸುತ್ತದೆ ನಿಜ. ಆ ಒಂದು ಹನಿಗೆ ಸುತ್ತಲಿನ ಧೂಳೆಲ್ಲ ಅಂಟಿ ಅರೆಯುವ ಲೇಪವಾಗುತ್ತದೆ. ಎಣ್ಣೆಯಿಂದ ರಬ್ಬರ್ ಉಬ್ಬುವುದೂ ಉಂಟು. ಪೆಟ್ರೋಲ್, ಥಿನ್ನರ್, ಬ್ರೇಕ್ ಕ್ಲೀನರ್ ಇವು ಬೆಲ್ಟ್ ಹತ್ತಿರವೇ ಸುಳಿಯಬಾರದು. ಬೇರಿಂಗ್‌ಗೆ ಎಣ್ಣೆ ಹಾಕಬೇಕಿದ್ದರೆ ಬೇರಿಂಗ್ ಹೊರತೆಗೆದು ಹಾಕಿ, ಹೆಚ್ಚಾದದ್ದನ್ನು ಒರೆಸಿ ಕೂರಿಸಿ.

ಒದ್ದೆ ನೆಲದಲ್ಲಿ ಓಡಿಸಿದ ದಿನ ಗಾಡಿಯನ್ನು ಹಾಗೇ ಮುಚ್ಚಿಡಬೇಡಿ. ಬಾಡಿ ತೆಗೆದು, ಫ್ಯಾನಿನ ಗಾಳಿಗೆ ಒಣಗಿಸಿ, ಮಣ್ಣು ಪುಡಿಯಾದ ಮೇಲೆ ಬ್ರಷ್ ಮಾಡಿ.

ಏಟು ತಪ್ಪಿಸುವುದು

ಒಂದೂವರೆ ಕಿಲೋ ಮೀರಿದ ಗಾಡಿ, ಜೋರಾದ ಬ್ರಷ್‌ಲೆಸ್ ಮೋಟರ್, ನಡುವೆ ಕೆಲವೇ ಮಿ.ಮೀ. ಅಗಲದ ಬೆಲ್ಟ್. ಇವುಗಳ ಜಗಳದಲ್ಲಿ ಮೊದಲು ಸೋಲಬೇಕಾದದ್ದು ಸ್ಲಿಪ್ಪರ್ ಕ್ಲಚ್, ಬೆಲ್ಟ್ ಅಲ್ಲ. ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಅರ್ಧ ಮೀಟರಿನಿಂದ ಒಂದು ಮೀಟರಿನಷ್ಟು ಸ್ಲಿಪ್ಪರ್ ಜಾರುವ ಸಣ್ಣ ಸದ್ದು ಕೇಳಿಸಬೇಕು. ಅದರ ಬದಲು ಟಕಟಕ ಅಂದರೆ ಹಲ್ಲು ಹಾರುತ್ತಿವೆ, ಅಲ್ಲೇ ನಿಲ್ಲಿಸಿ. ಸ್ಲಿಪ್ಪರ್ ನಟ್ಟನ್ನು ಎಂಟನೇ ಒಂದು ಸುತ್ತಿನ ಲೆಕ್ಕದಲ್ಲಿ ಸಡಿಲಿಸುತ್ತಾ ನೋಡಿ. ಸ್ಲಿಪ್ಪರ್ ಇಲ್ಲದ ಗಾಡಿಯಾದರೆ ಇಎಸ್‌ಸಿಯ (ಮೋಟರಿನ ವೇಗ ನಿಯಂತ್ರಿಸುವ ಎಲೆಕ್ಟ್ರಾನಿಕ್ ಸಾಧನದ) ಪಂಚ್ ಸೆಟ್ಟಿಂಗನ್ನು, ಅಂದರೆ ಶುರುವಿನ ಎಳೆತದ ಜೋರನ್ನು, ಕಡಿಮೆ ಮಾಡುವುದು ಒಂದು ಉಪಾಯ.

ಓಡಿಸುವ ಕೈಯಲ್ಲೂ ಇದೆ. ಹಾರಿದಾಗ ಗಾಳಿಯಲ್ಲಿ ಥ್ರಾಟಲ್ ಹಿಡಿದೇ ಇದ್ದರೆ ಚಕ್ರ ವಿಪರೀತ ವೇಗ ಪಡೆದಿರುತ್ತದೆ. ನೆಲ ಮುಟ್ಟಿದ ಕೂಡಲೇ ಅದು ಗಕ್ಕನೆ ನಿಲ್ಲಬೇಕು, ಆ ಏಟನ್ನು ಬೆಲ್ಟ್ ಹೊರುತ್ತದೆ. ಇಳಿಯುವಾಗ ಬೆರಳು ಸ್ವಲ್ಪ ಸಡಿಲಿಸಿದರೆ ಚಕ್ರದ ವೇಗ ನೆಲದ ವೇಗಕ್ಕೆ ಹತ್ತಿರ ಬರುತ್ತದೆ. ಮುಂದಕ್ಕೆ ಓಡುತ್ತಿರುವಾಗಲೇ ಒಮ್ಮೆಲೇ ರಿವರ್ಸ್ ಎಳೆಯುವುದು, ಚಕ್ರ ಟ್ರ್ಯಾಕಿನ ಅಂಚಿನ ಪೈಪಿಗೆ ಸಿಕ್ಕಿಕೊಂಡಾಗ ಥ್ರಾಟಲ್ ಒತ್ತಿ ಬಿಡಿಸಲು ನೋಡುವುದು, ಇವೂ ಹಾಗೇ. ನಾಲ್ಕು ಹೆಜ್ಜೆ ನಡೆದು ಹೋಗಿ ಗಾಡಿಯನ್ನು ಕೈಯಲ್ಲಿ ಎತ್ತಿಡಿ.

ಹೊಸದು ಹಾಕುವಾಗ

ಅಳತೆ ಮೊದಲು. ಬೆಲ್ಟಿನ ಉದ್ದವೆಂದರೆ ಹಲ್ಲುಗಳ ಸಂಖ್ಯೆಯನ್ನು ಹಲ್ಲಿನಿಂದ ಹಲ್ಲಿಗಿರುವ ಅಂತರದಿಂದ ಗುಣಿಸಿದ್ದು. 3 ಮಿ.ಮೀ. ಅಂತರದ ಬೆಲ್ಟಿನಲ್ಲಿ 62 ಹಲ್ಲಿದ್ದರೆ ಸುತ್ತಳತೆ 186 ಮಿ.ಮೀ. ಉದ್ದ, ಅಗಲ ಹೊಂದಿದರೂ ಹಲ್ಲಿನ ಆಕಾರ ಬೇರೆಯಿದ್ದರೆ ಹಾಕಬೇಡಿ. ದುಂಡು ಹಲ್ಲಿನ ಪುಲ್ಲಿಯ ಮೇಲೆ ಚಪ್ಪಟೆ ತುದಿಯ ಹಲ್ಲಿನ ಬೆಲ್ಟ್ ಕೂತಂತೆ ಕಾಣುತ್ತದೆ ಅಷ್ಟೇ, ಹೊರೆ ಬಿದ್ದಾಗ ಹಲ್ಲಿನ ಮೂಲೆಯೊಂದೇ ಕಚ್ಚಿರುತ್ತದೆ.

ಕೊಕ್ಕೆ ಬಂದ ಪುಲ್ಲಿಗೆ ಹೊಸ ಬೆಲ್ಟ್ ಹಾಕುವುದು ದಂಡ. ಎರಡನ್ನೂ ಒಟ್ಟಿಗೆ ಬದಲಿಸಿ. ಬೇರಿಂಗ್‌ಗಳನ್ನೂ ಅದೇ ಹೊತ್ತಿಗೆ ಬೆರಳಲ್ಲಿ ತಿರುಗಿಸಿ ನೋಡಿ, ಗಡಸು ಅನಿಸಿದ್ದನ್ನು ತೆಗೆಯಿರಿ. ಅಲುಗುವ ಬೇರಿಂಗ್ ಮೇಲಿನ ಪುಲ್ಲಿ ಎಷ್ಟೇ ಹೊಸದಾದರೂ ಸೊಟ್ಟಗೇ ಓಡುತ್ತದೆ.

ಬೆಲ್ಟನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಪುಲ್ಲಿಯ ಮೇಲೆ ಏರಿಸಬೇಡಿ. ಡಿಫ್ ಹೊರಗಿರುವಾಗಲೇ ಬೆಲ್ಟನ್ನು ಎರಡೂ ಪುಲ್ಲಿಗೆ ಬಳಸಿ, ಆಮೇಲೆ ಡಿಫ್ ಕೂರಿಸಿ ಬಳೆ ತಿರುಗಿಸಿ. ನಡುವಿನ ಚಿಕ್ಕ ಪುಲ್ಲಿಗಿಂತ ಕಿರಿದಾದ ಸುತ್ತಿಗೆ ಅದನ್ನು ಎಂದೂ ಬಗ್ಗಿಸಬಾರದು, ಮಡಚಿ ಡಬ್ಬಿಗೆ ತುರುಕಬಾರದು. ಗಾಜಿನ ನಾರು ಮಡಿಕೆಯಲ್ಲಿ ಸದ್ದಿಲ್ಲದೆ ಮುರಿಯುತ್ತದೆ. ಬಿಡಿ ಬೆಲ್ಟನ್ನು ದುಂಡಗೆ, ಬಿಸಿಲು ಮತ್ತು ಶಾಖ ತಾಗದ ಕಡೆ ಇಡಿ.

ಹೊಸ ಬೆಲ್ಟ್ ಹಾಕಿದ ಗಾಡಿಯನ್ನು ಮೊದಲ ಬ್ಯಾಟರಿಯಲ್ಲಿ ಹಾರಿಸಬೇಡಿ, ಸುಮ್ಮನೆ ಅರ್ಧ ಥ್ರಾಟಲ್‌ನಲ್ಲಿ ಓಡಿಸಿ. ನಿಲ್ಲಿಸಿದ ಮೇಲೆ ಪುಲ್ಲಿಯ ತಟ್ಟೆ ಮುಟ್ಟಿ ನೋಡಿ; ಎರಡು ಬದಿಗಳಲ್ಲಿ ಒಂದು ಬದಿ ಮಾತ್ರ ಬಿಸಿಯಾಗಿದ್ದರೆ ಆ ಬದಿಗೆ ಬೆಲ್ಟ್ ಒತ್ತುತ್ತಿದೆ. ಕಾಗದ ಹಾಸಿ ಪುಡಿ ಉದುರಿಸಿ, ಬಿಗಿಯನ್ನು ಬೆರಳಲ್ಲಿ ಮತ್ತೆ ಪರೀಕ್ಷಿಸಿ. ಹಲ್ಲಿನ ಬಟ್ಟೆ ಪುಲ್ಲಿಗೆ ಕೂತು ಚೂರು ಸಡಿಲವಾಗಿದ್ದರೆ ಒಂದು ಕಚ್ಚು, ಎರಡೂ ಬದಿಯ ಚುಕ್ಕೆ ನೋಡಿಕೊಂಡು. ಆಮೇಲೆ ಎರಡನೇ ಬ್ಯಾಟರಿ ಹಾಕಿ.